ಅಕ್ಕನ ಕಿವಿಗೆ ಬಿದ್ದ ಬರಹ

ನನ್ನ ಬರಹ ಓದುವ ಆ ಯಂತ್ರದ ದನಿಯನ್ನು ನಾನು ಮೊದಲ ದಿನದಿಂದಲೇ ದ್ವೇಷಿಸಿದೆ. ಅದಕ್ಕೆ ಉಸಿರಿಲ್ಲ, ನಡುವೆ ಒಂದು ಗುಟುಕು ನೀರು ಬೇಕಿಲ್ಲ. ನಮ್ಮವ್ವ ಸತ್ತದ್ದನ್ನೂ ಹಬ್ಬಕ್ಕೆ ಕಡುಬು ಮಾಡಿದ್ದನ್ನೂ ತಗಡು ಬಡಿದ ಹಾಗೆ ಒಂದೇ ಸಮ ಓದುತ್ತಿತ್ತು. ನಾನು ರಾಣೆಬೆನ್ನೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸುವವಳು. ನನ್ನ ಕ್ಲಾಸಿನಲ್ಲಿ ಯಾರಾದರೂ ಹಾಗೆ ಓದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಅಂಥದ್ದನ್ನು ನಾನೇ ಕೈಯಾರೆ ತಂದು ನನ್ನ ಬ್ಲಾಗಿಗೆ ಕಟ್ಟಿಕೊಂಡೆ.

ಕಟ್ಟಿಕೊಂಡದ್ದು ಅಕ್ಕನಿಗಾಗಿ. ಅಕ್ಕ ಬ್ಯಾಡಗಿಯ ಗೋದಾಮೊಂದರಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಮಾಡುತ್ತಿದ್ದಳು. ಮೂರನೆಯ ಇಯತ್ತೆಗೇ ಅವಳ ಶಾಲೆ ನಿಂತಿತ್ತು. ಕಲಿತ ನಾಲ್ಕಕ್ಷರ ಮೆಣಸಿನಕಾಯಿ ಘಾಟಿಗೆ ಹಾರಿಹೋದವು ಎನ್ನುತ್ತಿದ್ದಳು. ಅವ್ವ, ಅಪ್ಪ ಇಬ್ಬರೂ ಹೋಗಿ, ತಮ್ಮ ಊರು ಬಿಟ್ಟು ದೂರ ಸೇರಿದಮೇಲೆ ನನಗೆ ತವರು ಅಂತ ಉಳಿದದ್ದು ಅಕ್ಕನ ಎರಡು ಖೋಲಿಯ ಮನೆ. ತಿಂಗಳಿಗೊಮ್ಮೆ ಅಲ್ಲಿಗೆ ಹೋಗುತ್ತಿದ್ದೆ. ಅವಳು ರೊಟ್ಟಿ ಬಡಿಯುತ್ತಿದ್ದಳು, ನಾನು ಬ್ಲಾಗಿನ ಬರಹಗಳನ್ನು ಅಚ್ಚು ಹಾಕಿಸಿಕೊಂಡು ಹೋಗಿ ಓದಿ ಹೇಳುತ್ತಿದ್ದೆ.

ಓದುತ್ತಿದ್ದುದು ಮಾತ್ರ ನಮ್ಮೂರ ಪದ್ಧತಿಯಲ್ಲಿ. ಕುಪ್ಪೇಲೂರಿನಲ್ಲಿ ನಾವು ಸಣ್ಣವರಿದ್ದಾಗ ಕಾಗದ ಓದಿ ಹೇಳುವವರು ಕೇಳುವವರ ಮಾರಿ ನೋಡಿಕೊಂಡೇ ಓದುತ್ತಿದ್ದರು. ಎದೆ ಒಡೆಯುವ ಸಾಲು ಬಂದರೆ ಹಾರಿಸುತ್ತಿದ್ದರು, ಇಲ್ಲದ ಎರಡು ಒಳ್ಳೆಯ ಮಾತು ಸೇರಿಸುತ್ತಿದ್ದರು. ಅದನ್ನು ಯಾರೂ ಮೋಸ ಅನ್ನುತ್ತಿರಲಿಲ್ಲ. ನಾನೂ ಬೇಕಾದಷ್ಟು ಸಾಲು ಹಾರಿಸಿದವಳೇ. ಒಂದು ಬರಹವನ್ನಂತೂ ಅಕ್ಕನ ಮುಂದೆ ತೆಗೆಯಲೇ ಇಲ್ಲ.

ಅಕ್ಕ ಶಾಲೆ ಬಿಟ್ಟ ದಿನದ ಬಗ್ಗೆ ಬರೆದದ್ದು ಅದು. ತಂಗಿ ಕಲಿಯಲಿ ಎಂದು ಅಕ್ಕ ನಗುತ್ತಾ ತನ್ನ ಪಾಟಿಚೀಲವನ್ನು ನನ್ನ ಹೆಗಲಿಗೆ ಹಾಕಿದಳು ಎಂದು ಬರೆದಿದ್ದೆ. ಓದಿದವರಿಗೆಲ್ಲ ಅದೇ ಬಲು ಹಿಡಿಸಿತು. ಕಣ್ಣು ತುಂಬಿ ಬಂತು ಮೇಡಂ, ನಿಮ್ಮ ಅಕ್ಕ ತ್ಯಾಗಮಯಿ ಮೇಡಂ, ಎಂದು ಕಂಡ ಕಂಡವರೆಲ್ಲ ಕೆಳಗೆ ಬರೆದರು. ಮೆಣಸಿನಕಾಯಿ ಘಾಟಿಗೆ ಒಂದು ತಾಸು ಕೂತವರಲ್ಲ, ಇವರ ಕಣ್ಣು ತುಂಬಿತಂತೆ! ಹಾಗೆ ಬೈದುಕೊಳ್ಳುತ್ತಲೇ ಒಂದೊಂದನ್ನೂ ಎರಡೆರಡು ಸಲ ಓದಿದೆ.

ಅದು ಹಸಿ ಸುಳ್ಳು. ತಮ್ಮ ಹುಟ್ಟಿದಾಗ, ಅವ್ವ ಹೊಲಕ್ಕೆ ಹೋದರೆ ಕೂಸು ನೋಡಲು ಹುಡುಗಿಯರಲ್ಲಿ ಒಬ್ಬಳು ಮನೆಯಲ್ಲಿರಬೇಕು ಎಂದಾಯಿತು. ಮಾಸ್ತರರು ಮನೆಗೇ ಬಂದು ಅಪ್ಪನಿಗೆ, "ದೊಡ್ಡಾಕಿ ಭಾಳ ಶಾಣ್ಯಾಕಿ ಅದಾಳ, ಅಕೀನ್ನ ಬಿಡಸಬ್ಯಾಡ್ರಿ. ಸಣ್ಣಾಕಿ ಎರಡ ವರ್ಷ ತಡಾ ಮಾಡಿ ಬಂದ್ರ ಏನೂ ಆಗಂಗಿಲ್ಲ" ಎಂದರು. ಅಪ್ಪ ಹೂಂ ಅಂದ. ಬಾಗಿಲ ಹಿಂದೆ ನಿಂತಿದ್ದ ನನಗೆ ಮೈಯೆಲ್ಲ ಉರಿಯಿತು. ಸಂಜೆ ಅಪ್ಪನ ಹತ್ತಿರ ಹೋಗಿ, "ಅಕ್ಕ ಸಾಲಿಗೇ ಹೋಗಂಗಿಲ್ಲ ಅಪ್ಪಾ, ಹಳ್ಳದ ದಂಡಿಗೆ ಹುಡುಗರ ಜೋಡಿ ಕುಂದರತಾಳ" ಎಂದೆ. ನನಗಾಗ ಎಂಟು ವರ್ಷ, ಅವಳಿಗೆ ಹತ್ತು. ಅಪ್ಪ ಏನೂ ವಿಚಾರಿಸಲಿಲ್ಲ, ಎತ್ತಿನ ಬಾರಕೋಲು ತೆಗೆದುಕೊಂಡ. ಮರುದಿನ ಮುಂಜಾನೆ ಪಾಟಿಚೀಲದ ಪಟ್ಟಿಯನ್ನು ಹಿಡಿದಿದ್ದ ಅಕ್ಕನ ಬೆರಳುಗಳನ್ನು ಅಪ್ಪ ಒಂದೊಂದಾಗಿ ಬಿಡಿಸಿ ಚೀಲವನ್ನು ನನಗೆ ಕೊಟ್ಟ. ನಾನು ಹೇಳಿದ ಚಾಡಿಯ ಸುದ್ದಿ ಅಕ್ಕನಿಗೆ ಗೊತ್ತಿಲ್ಲ ಎಂದೇ ಅಷ್ಟು ವರ್ಷ ನಂಬಿದ್ದೆ. ಗೊತ್ತಾದ ದಿನ ಆ ಎರಡು ಖೋಲಿಯ ಬಾಗಿಲು ನನಗೆ ಮುಚ್ಚುತ್ತದೆ ಎಂದು ಹೆದರಿದ್ದೆ.

ಒಮ್ಮೆ ಅಕ್ಕ, "ನೀ ತಿಂಗಳಿಗೊಮ್ಮೆ ಬಂದು ಓದಿದ್ರ ಎಲ್ಲಿ ಸಾಕಾಗತೈತಿ? ದಿನಾ ಕೈ ಕೆಲಸದಾಗ ಇರತಾವು, ಕಿವಿ ಖಾಲಿನ ಇರತಾವಲ್ಲ. ಹಾಡಿನಂಗ ಮೊಬೈಲಿಗೆ ಹಾಕಿ ಕೊಡು" ಎಂದಳು. ನಾನೇ ಓದಿ ದನಿ ಹಿಡಿದು ಕೊಡಬಹುದಿತ್ತು. ಸೋಮಾರಿತನ. ಬ್ಲಾಗಿಗೂ ಆಗುತ್ತದೆ, ಅಕ್ಕನಿಗೂ ಆಗುತ್ತದೆ ಎಂದು ಬರೆದದ್ದನ್ನು ತಾನೇ ಓದುವ ಆ ಯಂತ್ರದ ಬೆನ್ನು ಹತ್ತಿದೆ. ನಮ್ಮ ಮನೆಯ ಇಂಟರ್ನೆಟ್ಟು ಧ್ವನಿಯ ಫೈಲು ಎಳೆಯುತ್ತಿರಲಿಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹಾವೇರಿಯ ಒಂದು ಸೈಬರ್ ಕೆಫೆಗೆ ಹೋಗಿ ಕೂರುತ್ತಿದ್ದೆ. ಬರಹ ಅಂಟಿಸು, ಗುಂಡಿ ಒತ್ತು, ಕಾಯಿ, ಕರೆಂಟು ಹೋಯಿತೆಂದರೆ ಮತ್ತೆ ಮೊದಲಿನಿಂದ. ಮೂರು ಶನಿವಾರ ಹೀಗೆ ಹಾಳಾದವು.

ನಾಲ್ಕನೆಯ ಶನಿವಾರ ಕೆಫೆಯ ಮಾಲೀಕರು, "ಮೇಡಮ್ಮಾರ, ಒಂದೊಂದ ಯಾಕ ಮಾಡಾಕತ್ತೀರಿ? ಎಲ್ಲಾ ಒಮ್ಮೆಲೇ ಮಾಡಿ, ಬ್ಲಾಗಿಗೂ ಹಾಕಿ, ಮೆಮೊರಿ ಕಾರ್ಡಿಗೂ ತುಂಬಿ ಕೊಡ್ಲೇನ್ರಿ?" ಎಂದರು. ನನಗೆ ಕೋಪ ನೆತ್ತಿಗೇರಿತ್ತು. "ಹಾಕ್ರಿ, ಎಲ್ಲಾ ಹಾಕ್ರಿ, ಒಮ್ಮೆ ಮುಗೀಲಿ ಇದು" ಎಂದೆ. ಖರೇ ಹೇಳುತ್ತೇನೆ, ಆ ಪಾಟಿಚೀಲದ ಬರಹದ ನೆನಪೇ ಆಗಲಿಲ್ಲ. ಅಷ್ಟು ಜನ ಹೊಗಳಿದ ಮೇಲೆ ಅದು ಸುಳ್ಳೆಂಬುದೇ ನನಗೆ ಮರೆಯುತ್ತ ಬಂದಿತ್ತು. ಮರುದಿನವೇ ಬ್ಯಾಡಗಿಗೆ ಹೋಗಿ ಕಾರ್ಡನ್ನು ಅಕ್ಕನ ಚೈನಾ ಮೊಬೈಲಿಗೆ ಹಾಕಿ ಕೊಟ್ಟು ಬಂದೆ.

ಹದಿನೈದು ದಿನ ಅಕ್ಕನ ಫೋನಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಆಮೇಲೊಂದು ಭಾನುವಾರ ಹೊರಟೆ. ಸುಗ್ಗಿಯ ದಿನಗಳು, ಅವಳಿಗೆ ರಜೆ ಇರಲಿಲ್ಲ. ನೇರ ಗೋದಾಮಿಗೇ ಹೋದೆ. ಹತ್ತು ಹನ್ನೆರಡು ಹೆಂಗಸರು ಕೆಂಪು ರಾಶಿಯ ಸುತ್ತ ಕೂತಿದ್ದರು. ಅಕ್ಕ ನನ್ನನ್ನು ನೋಡಿದಳು, ಬಾ ಅನ್ನಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಮಡಿಲಿನಿಂದ ಮೊಬೈಲು ತೆಗೆದು ಒತ್ತಿದಳು.

"ನನ್ನ ಅಕ್ಕ ನಗುನಗುತ್ತಲೇ ಪಾಟಿಚೀಲವನ್ನು ನನ್ನ ಹೆಗಲಿಗೆ ಹಾಕಿದಳು" ಎಂದು ಯಂತ್ರ ಗೋದಾಮಿಗೆಲ್ಲ ಕೇಳುವ ಹಾಗೆ ಓದಿತು. ಒಂದಕ್ಷರ ಹಾರಿಸಲಿಲ್ಲ, ಯಾರ ಮಾರಿಯನ್ನೂ ನೋಡಲಿಲ್ಲ.

ಅಕ್ಕ ಅದನ್ನು ಬಂದ್ ಮಾಡಿ, "ನಾ ನಕ್ಕಿದ್ನೇನ?" ಎಂದು ಕೇಳಿದಳು.

"ಅಕ್ಕಾ, ಅದು ಬರಿಯೋ ಮುಂದ ಸ್ವಲ್ಪ..."

"ಬಾಯಿ ಮುಚ್ಚು. ಇವರೆಲ್ಲ ಇದನ್ನ ಕೇಳಿ ಹದಿನೈದ ದಿನದಿಂದ, 'ಎಂಥಾ ದೊಡ್ಡ ಮನಸ ನಿಂದು, ತಂಗಿ ಸಂಬಂಧ ಸಾಲಿ ಬಿಟ್ಟೆಂತಲ್ಲ' ಅಂತ ನನ್ನ ಹೊಗಳಾಕತ್ತಾರ. ದೊಡ್ಡ ಮನಸಂತ! ನನಗ ಸಾಲಿ ಬೇಕಾಗಿತ್ತು."

ಅಕ್ಕನ ದನಿ ಏರಲಿಲ್ಲ, ಅದೇ ಹೆಚ್ಚು ಹೆದರಿಕೆ ತಂದಿತು.

"ನೀ ಚಾಡಿ ಹೇಳಿದ್ದು ನನಗ ಅವತ್ತ ಗೊತ್ತಾಗಿತ್ತು. ಅಪ್ಪ ಬಡಿಯೋ ಮುಂದ, 'ನಿನ್ನ ತಂಗಿ ಕಣ್ಣಾರೆ ನೋಡ್ಯಾಳ' ಅಂತ ಹೇಳಿ ಹೇಳಿ ಬಡದ. ಸಣ್ಣಾಕಿ, ತಿಳಿವಳಿಕಿ ಇಲ್ಲ ಅಂತ ಹೊಟ್ಟ್ಯಾಗ ಹಾಕ್ಕೊಂಡೆ. ಹಾಕ್ಕೊಂಡು ಇಷ್ಟ ವರ್ಷ ನಿನಗ ರೊಟ್ಟಿ ಬಡದ ಹಾಕೇನಿ. ಆದ್ರ ನಾ ನಕ್ಕೆ ಅಂತ ಬರದಿಯಲ್ಲ, ಇದನ್ನ ಹೊಟ್ಟ್ಯಾಗ ಹಾಕ್ಕೊಳ್ಳಾಕ ಆಗಂಗಿಲ್ಲ."

"ಇವತ್ತ ಅಳಿಸಿ ಬಿಡ್ತೀನಿ ಅಕ್ಕಾ."

"ಇವರ ಕಿವ್ಯಾಗಿಂದ ಹೆಂಗ ಅಳಿಸ್ತಿ? ಹೇಳು. ಆ ಯಂತ್ರದ ಬಾಯಿಂದ ಬ್ಯಾಡ, ನಿನ್ನ ಬಾಯಿಂದ ಹೇಳು, ಇವರೆಲ್ಲರ ಮುಂದ."

ಹೆಂಗಸರ ಕೈಗಳು ನಿಂತವು. ನನಗೆ ನಾಚಿಕೆಗಿಂತ ಮೊದಲು ಬಂದದ್ದು ಸಿಟ್ಟು. ಇಷ್ಟು ಮಂದಿಯ ಮುಂದೆ ನನ್ನ ಮಾರಿಗೆ ಮಸಿ ಬಳಿಯುತ್ತಾಳೆ, ಇವಳು ಹಾಳಾಗಿ ಹೋಗಲಿ ಎಂದುಕೊಂಡೆ. ಬಾಗಿಲ ಕಡೆ ತಿರುಗಿದೆ ಕೂಡ. ತಿರುಗಿದ ಮೇಲೆ, ಇಲ್ಲಿಂದ ಹೋದರೆ ಇನ್ನು ಬ್ಯಾಡಗಿಗೆ ಬರುವುದೇ ಇಲ್ಲ ಎಂಬುದು ಹೊಳೆಯಿತು. ಹೊರಳಿ ನಿಂತೆ.

"ಅಕ್ಕ ಸಾಲಿ ಬಿಡಲಿಲ್ರಿ. ನಾನ ಅಪ್ಪನ ಮುಂದ ಸುಳ್ಳು ಹೇಳಿ ಬಿಡಿಸಿದೆ. ಅಕಿ ನಗಲಿಲ್ಲ. ಅತ್ತಳು" ಎಂದೆ. ಕಡೆಯ ಮಾತನ್ನು ನನಗೇ ಕೇಳದಷ್ಟು ಮೆಲ್ಲಗೆ ಹೇಳಿದೆ.

ಅಕ್ಕ ರಾಶಿಯಿಂದ ಒಂದು ಮೆಣಸಿನಕಾಯಿ ತೆಗೆದು ತೊಟ್ಟು ಮುರಿದಳು.

"ಇನ್ನೊಮ್ಮೆ ಹೇಳು. ಜೋರಾಗಿ ಹೇಳು. ಆ ಮೂಲ್ಯಾಗ ಕುಂತ ಆಯಿಗೆ ಕಿವಿ ಮಂದ ಅದಾವು" ಎಂದಳು.

ನಾನು ಇನ್ನೊಮ್ಮೆ ಹೇಳಿದೆ.