ಸೊಂಟಪಟ್ಟಿಯೊಳಗಿನ ಜೋಳ

ನನ್ನ ಹೊಲಿಗೆ ತಾನಾಗಿ ಬಿಚ್ಚುವುದಿಲ್ಲ. ವಾಸ್ಕೋದ ಬೈನಾದಲ್ಲಿ ಇಷ್ಟು ವರ್ಷ ಮಷಿನ್ ತುಳಿದಿದ್ದೇನೆ, ಈ ಮಾತಿಗೆ ಯಾರಾದರೂ ಎದುರಾಡಲಿ ನೋಡೋಣ. ಆದ್ದರಿಂದ ಪಕ್ಕದ ಮನೆಯ ಸತ್ಯವ್ವ ಗಂಡನ ಪ್ಯಾಂಟು ತಂದು ನನ್ನ ಮುಂದೆ ಹರವಿದಾಗ ನನಗೂ ಮೈ ಉರಿಯಿತು. ಸೊಂಟಪಟ್ಟಿಯ ಹೊಲಿಗೆಯನ್ನು ಯಾರೋ ಬಟ್ಟೆಗೆ ಚೂರೂ ಪೆಟ್ಟಾಗದಂತೆ ಬಿಚ್ಚಿದ್ದರು. ಒಳಗಿಟ್ಟಿದ್ದ ಜೋಳದ ಕಾಳು ಮಾಯವಾಗಿತ್ತು.

"ಇದು ಗಂಡಸಿನ ಕೈ ಅಲ್ಲ," ಎಂದೆ.

"ನಂಗೂ ಹಂಗ ಅನ್ನಸ್ತು ಅಕ್ಕಾ," ಎಂದಳು.

ಸತ್ಯವ್ವ ಮುದ್ದೇಬಿಹಾಳದ ಕಡೆಯವಳು. ಮದುವೆಯಾಗಿ ಗೋವಾಕ್ಕೆ ಬಂದವಳು ಮಗಳು ವಿದ್ಯಾ ಹುಟ್ಟುವವರೆಗೂ ಕಟ್ಟಡಗಳ ಮೇಲೆ ಇಟ್ಟಿಗೆ ಹೊತ್ತಳು. ಗಂಡ ಯಮನೂರ ಫಿಟ್ಟರ್. ಹಿಂದೆ ಉಸಗಾಂವದ ಗಣಿಯಲ್ಲಿದ್ದಾಗ ರಾತ್ರಿಪಾಳಿ ಅಂತ ಹೇಳಿ ಇಸ್ಪೀಟಿಗೆ ಕೂರುತ್ತಿದ್ದ. ಅದು ಬಯಲಾದಂದಿನಿಂದ ಸತ್ಯವ್ವ ಗಂಡನ ಮಾತನ್ನು ಅಕ್ಕಿ ಆರಿಸಿದಂತೆ ಆರಿಸುತ್ತಾಳೆ. ನಾನಾಗಿದ್ದರೂ ಅಷ್ಟೇ.

2010ರ ದೀಪಾವಳಿ ಮುಗಿದ ಮೇಲೆ ಅವನು ಭೂಮಿಯ ದಕ್ಷಿಣ ತುದಿಯ ಹಿಮದ ನಾಡಿಗೆ ಹೊರಟ. ಅಲ್ಲಿ ವಿಜ್ಞಾನಿಗಳಿಗೆ ಕಬ್ಬಿಣದ ಮನೆ ಜೋಡಿಸಬೇಕಂತೆ. ಸತ್ಯವ್ವನ ತವರಿನಲ್ಲಿ ದೂರ ಹೋಗುವವರ ಬಟ್ಟೆಯೊಳಗೆ ಮನೆಯ ಜೋಳದ ಐದು ಕಾಳು, ಎಲ್ಲಮ್ಮನ ಭಂಡಾರ ಸೇರಿಸಿ ಹೊಲಿಯುತ್ತಾರೆ. ಕಾಳು ಮರಳಿ ಬರಬೇಕು, ಅದರ ಜೊತೆ ಮನುಷ್ಯನೂ ಬರಬೇಕು. ಗಂಡನಿಗೆ ಸುಳಿವು ಕೊಡದೆ ನನ್ನ ಕೈಯಿಂದಲೇ ಹೊಲಿಸಿದ್ದಳು.

ಅವನು ಅತ್ತ ಹೋದ ಮೇಲೆ ನಮ್ಮ ಓಣಿಯ ಹಮಾಲ ಲಚ್ಚಪ್ಪ ಒಂದು ಸುದ್ದಿ ತಂದ. ಮ್ಹಾಪಸಾದ ಶುಕ್ರವಾರದ ಸಂತೆಯಲ್ಲಿ ಯಮನೂರನಂಥವನು ಯಾರೋ ಹೆಂಗಸಿಗೆ ಬಳೆ ಇಡಿಸುತ್ತಿದ್ದನಂತೆ. ಮುಖ ಸರಿಯಾಗಿ ಕಾಣಲಿಲ್ಲವಂತೆ. ಕಾಣದಿದ್ದ ಮೇಲೆ ಬಾಯಿ ಮುಚ್ಚಿಕೊಂಡು ಇರಬೇಕಿತ್ತಲ್ಲ, ಆ ಪುಣ್ಯಾತ್ಮ? ಇರಲಿಲ್ಲ.

ಏಪ್ರಿಲ್‌ನಲ್ಲಿ ಯಮನೂರ ಬಂದ. ಮುಖ ಹೆಂಚಿನ ಹಾಗೆ ಕಪ್ಪು, ಮೂಗಿನ ಚರ್ಮ ಸುಲಿದಿತ್ತು. ಕಾಳಿಲ್ಲದ ಪ್ಯಾಂಟು ಸಿಕ್ಕ ದಿನ ಸತ್ಯವ್ವ ನನ್ನನ್ನೂ ಕೂರಿಸಿಕೊಂಡೇ ವಿಚಾರಣೆ ಶುರುಮಾಡಿದಳು.

"ಬರ್ಫದಾಗ ಇದ್ದವ್ರ ಮೂಗು ಹೆಂಗ ಸುಡ್ತೈತ್ರಿ?"

"ಬಿಸಲು ಬರ್ಫಕ್ಕ ಬಡದು ತಿರುಗಿ ಮಾರಿಗೆ ಹೊಡೀತೈತಿ."

"ಜ್ವಾಳ ಎಲ್ಲಿ?"

"ಹಡಗ ಹತ್ತೂ ಮುಂದ ಎಲ್ಲಾರ ಅರಬಿ, ಬೂಟು ಮಿಷಿನ್ ಹಚ್ಚಿ ಝಾಡಿಸಿದ್ರು. ಹೊರಗಿನ ಒಂದು ಬೀಜಾನೂ ಅಲ್ಲಿಗೆ ಹೋಗಬಾರದಂತ. ನನ್ನ ಪ್ಯಾಂಟಿನಾಗ ಗಂಟು ಕೈಗೆ ಹತ್ತಿತು. ಡಾಕ್ಟರಬಾಯಿ ಬಿಚ್ಚಿ ತಗದ್ಲು."

"ಬಾಯಿ," ಎಂದು ಸತ್ಯವ್ವ ನನ್ನ ಕಡೆ ನೋಡಿದಳು. ಹೆಂಗಸಿನ ಕೈ ಎಂಬ ನನ್ನ ಅಂದಾಜು ಸರಿಯಾಗಿತ್ತು, ಏನು ಪ್ರಯೋಜನ. "ಏನೂ ಬೆಳೀದ ಜಾಗದಾಗ ನನ್ನ ಐದು ಕಾಳಿಗೆ ಯಾಕ ಅಂಜಿದ್ರು?"

"ಬೆಳೀತೈತಿ. ಪಾಚಿ."

ಅವನು ಹೇಳಿದ್ದು ಇಷ್ಟು. ಅಲ್ಲಿ ಮಳೆಯೇ ಇಲ್ಲ. ಸುತ್ತ ನೀರೇ ಇದ್ದರೂ ಅದೆಲ್ಲ ಕಲ್ಲಾಗಿ ಕೂತಿರುವುದರಿಂದ ಗಿಡಕ್ಕೆ ಕುಡಿಯಲು ಹನಿ ಸಿಗದು. ಅದೂ ಒಂದು ಮರುಭೂಮಿಯೇ. ಮರ, ಹುಲ್ಲು ಒಂದೂ ಇಲ್ಲ. ಗಾಳಿ ತಾಗದ ಕಲ್ಲುಸಂದಿಯಲ್ಲಿ ಪಾಚಿ ಮಾತ್ರ ಇದೆ. ವರ್ಷದ ಬಹುಪಾಲು ಹಿಮದಡಿ ಒಣಗಿ ಸತ್ತಂತೆ ಬಿದ್ದಿರುತ್ತದೆ. ಬೇಸಿಗೆಯಲ್ಲಿ ಕಲ್ಲು ಬೆಚ್ಚಗಾಗಿ ಹಿಮ ಜಿನುಗಿದರೆ ಅದನ್ನು ಕುಡಿದು ಹಸಿರಾಗುತ್ತದೆ. ವರ್ಷವೆಲ್ಲ ಕಳೆದರೂ ದಾರದ ದಪ್ಪದಷ್ಟು ಬೆಳೆದರೆ ಹೆಚ್ಚು. ಯಾರೋ ಎಂದೋ ತುಳಿದ ಹೆಜ್ಜೆ ಇನ್ನೂ ಹಾಗೆಯೇ ಮೂಡಿ ನಿಂತಿದೆ. ಮೊದಲ ದಿನ ಯಮನೂರನೂ ಗೊತ್ತಿಲ್ಲದೆ ಕಾಲಿಟ್ಟು, ಸಾಹೇಬರಿಂದ ಬೈಸಿಕೊಂಡಿದ್ದ.

"ಸುಳ್ಳು ಹೇಳಾಕೂ ಒಂದು ಹದ ಬೇಕ್ರಿ," ಎಂದಳು ಸತ್ಯವ್ವ. "ಪಾಚಿ ನಮ್ಮ ನಳದ ಕಡೆನೂ ಬೆಳೀತೈತಿ."

ಫೋಟೊ ತೋರಿಸಿದ. ಕೆಂಪು ಕೋಟು, ಕಪ್ಪು ಕನ್ನಡಕ, ಬಾಯಿ ಮುಚ್ಚಿದ ಬಟ್ಟೆ. ಒಳಗಿದ್ದವನು ಯಾರೆಂದು ದೇವರೇ ಹೇಳಬೇಕು. ಸ್ಟುಡಿಯೋದವರು ಯಾರ ಬೆನ್ನಿಗೆ ಬೇಕಾದರೂ ತಾಜಮಹಲು ನಿಲ್ಲಿಸುತ್ತಾರೆ, ಹಿಮ ಯಾವ ದೊಡ್ಡ ಮಾತು ಅಂದೆ ನಾನು.

ಅಂದಿನಿಂದ ಅವನು ಹೊರಗೆ ಹೋಗಿ ಬಂದರೆ ಸಾಕು, ಸತ್ಯವ್ವ ಕಿಸೆ ತಡಕುವಳು, ಅಂಗಿ ಮೂಸಿ ನೋಡುವಳು. ಅನ್ನ ಸೇರಲಿಲ್ಲ, ಸೊರಗಿಹೋದಳು. ಕೊನೆಗೆ, ಶಾಲೆ ತೆರೆಯುವ ಮೊದಲೇ ವಿದ್ಯಾಳನ್ನು ಕರೆದುಕೊಂಡು ತವರು ಸೇರುತ್ತೇನೆ, ಇನ್ನು ಈ ಮನೆಗೆ ಬರುವುದಿಲ್ಲ ಎಂದಳು. ಟ್ರಂಕು ಕಟ್ಟಿಯೂ ಆಯಿತು. ಅಷ್ಟರಲ್ಲಿ ಮಳೆ ಹಿಡಿಯಿತು, ಓಣಿಯ ಕಲ್ಲುಗಳೆಲ್ಲ ಹಸಿರಾದವು.

ಹೊರಡುವ ದಿನ ಬೆಳಿಗ್ಗೆ ಹೇಳಿಹೋಗಲು ಬಂದವಳು ನನ್ನ ಕಿಟಕಿಯ ಹತ್ತಿರ ನಿಂತಿದ್ದಳು. ಹೊರಗೆ ಯಮನೂರ ನಳದಿಂದ ತುಂಬಿದ ಕೊಡ ಹೊತ್ತು ಬರುತ್ತಿದ್ದ. ನಾವು ನೋಡುವುದು ಅವನಿಗೆ ಗೊತ್ತಿರಲಿಲ್ಲ. ಓಣಿಯ ನಡುವೆ ಒಂದು ಅಗಲ ಕಲ್ಲಿನ ತುಂಬ ಪಾಚಿ. ನಾವೆಲ್ಲ ತುಳಿದುಕೊಂಡೇ ಓಡಾಡುತ್ತೇವೆ, ಅವನೂ ಹಿಂದೆ ಹಾಗೇ. ಅಂದು ಅದರ ಮುಂದೆ ನಿಂತ. ತಲೆ ಬಗ್ಗಿಸಿ ನೋಡಿದ. ಆಮೇಲೆ ಕಾಲು ಚಾಚಿ, ಆಚೆಯ ಬೋಳು ಕಲ್ಲಿಗೆ ಇಡಲು ಹೋಗಿ, ಧೊಪ್ಪನೆ ಗಟಾರದಲ್ಲಿ ಕುಳಿತ.

ಕೊಡ ಉರುಳಿ ಪಾಚಿಯ ಒಂದು ಅಂಚು ಕಿತ್ತು ಬಂತು. ಅವನು ಮೊಣಕಾಲು ಮುಟ್ಟಿಕೊಳ್ಳಲಿಲ್ಲ. ಎದ್ದ ಅಂಚನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಕೂರಿಸಿದ, ಆಮೇಲೆ ಕೊಡ ಎತ್ತಿಕೊಂಡ.

ಸತ್ಯವ್ವ ನನ್ನ ಭುಜ ಹಿಡಿದು ನಕ್ಕಳು, ನಗುತ್ತಲೇ ಅತ್ತಳು. "ಹೋಗಿದ್ರು ಅಕ್ಕಾ. ಖರೇನ ಹೋಗಿದ್ರು."

ಟ್ರಂಕು ಬಿಚ್ಚಲು ನಾನೇ ಕೈಹಚ್ಚಿದೆ. ಲಚ್ಚಪ್ಪನಿಗೆ ಏನೇನು ಅನ್ನಬೇಕೋ ಎಲ್ಲ ಅಂದೆ.

ಆ ವರ್ಷ ಯಮನೂರನಿಗೆ ಮತ್ತೆ ಕರೆ ಬಂತು. ಸತ್ಯವ್ವ ಅದೇ ಪ್ಯಾಂಟು ತಂದಳು. ಕಿಸೆಗಳನ್ನು ತಿರುವಿ, ಸೇಂಗಾ ಸಿಪ್ಪೆಯ ಪುಡಿಯನ್ನೂ ಬಿಡದೆ ಜಾಡಿಸಿದ್ದಳು.

"ಜೋಳ ಎಲ್ಲೇ?" ಎಂದೆ.

"ಬ್ಯಾಡ. ಪಾಪ, ದಾರದಷ್ಟು ಬೆಳ್ಯಾಕ ವರ್ಷ ಬೇಕು ಅದಕ್ಕ. ನಮ್ಮ ಜ್ವಾಳ ಹೋಗಿ ಅದರ ಜಾಗಾ ಕಸಗೋಬಾರದು." ಸೊಂಟಪಟ್ಟಿಯನ್ನು ನನ್ನ ಕಡೆ ತಳ್ಳಿದಳು. "ಬರೇ ಹೊಲಗಿ ಹಾಕು. ಆದ್ರ ನಿನ್ನ ಗುರ್ತು ಇಟ್ಟು ಹಾಕು ಅಕ್ಕಾ. ಆ ಡಾಕ್ಟರಬಾಯಿ ಮತ್ತ ಕೈ ಹಚ್ಚಿದ್ರ ನಂಗ ಗೊತ್ತಾಗಬೇಕು."