ಅಣವೀರಪ್ಪನವರ ಬಳೆ ಬಂದೂಕುಗಳು

ವಡಾಲ ಸ್ಟೇಷನ್ನಿನಲ್ಲಿ ಲೋಕಲ್‌ನಿಂದ ಇಳಿದ ಅಣವೀರಪ್ಪನವರ ಹಿಂದೆಯೇ ಒಬ್ಬ ಗೃಹಸ್ಥರು "ಮೇರಾ ಡಬ್ಬಾ, ಮೇರಾ ಡಬ್ಬಾ" ಎನ್ನುತ್ತ ಧುಮುಕಿದರು. ಅಣವೀರಪ್ಪನವರ ಹೆಗಲ ಮೇಲೆ ಸುರುಳಿ ಸುತ್ತಿದ ಚಾಪೆ. ಚಾಪೆಯ ಹರುಕಿನಿಂದ ಅರ್ಧ ಬಾಯಿ ತೆರೆದು ಇಣುಕಿದ್ದ ಒಂದು ಕಬ್ಬಿಣದ ಬಳೆ. ಆ ಬಳೆಗೆ ಸಿಕ್ಕಿಕೊಂಡು, ಗೃಹಸ್ಥರ ಊಟದ ಡಬ್ಬಿಯ ಚೀಲ ಗಂಟೆಯ ಹಾಗೆ ತೂಗಾಡುತ್ತಿತ್ತು. ಬಿಡಿಸುವ ಗಡಿಬಿಡಿಯಲ್ಲಿ ಡಬ್ಬಿ ಬಿದ್ದು, ಉಳಿದಿದ್ದ ಅರ್ಧ ಜೋಳದ ರೊಟ್ಟಿ ಪ್ಲಾಟ್‌ಫಾರ್ಮಿನ ಮೇಲೆ ಉರುಳಿತು. ರೊಟ್ಟಿ ನೋಡಿದ ಮೇಲೆ ಇಬ್ಬರೂ ಹಿಂದಿ ಬಿಟ್ಟರು.

"ಯಾವ ಊರು ನಿಮ್ದು?"

"ಇಂಡಿ ಕಡೆಯವ್ರು ರೀ. ನೀವು?"

"ಆಳಂದ. ಈಗ ಚೆಂಬೂರು. ಚಾಪಿ ಒಳಗ ಏನದ?"

"ಮನಿ ಸಾಮಾನ್ರೀ," ಎಂದರು ಅಣವೀರಪ್ಪನವರು.

ಮುಂದಿನ ಗಾಡಿ ಬರುವಷ್ಟರಲ್ಲಿ ಆ ಗೃಹಸ್ಥರ ಹೆಸರು ಬಸವಂತರಾಯರು ಎಂದೂ, ಅವರಿಗೊಬ್ಬ ಮದುವೆಗೆ ಬಂದ ಮಗನಿದ್ದಾನೆ ಎಂದೂ, ಇವರಿಗೆ ವಿನೋದಿನಿ ಎಂಬ ಮಗಳಿದ್ದಾಳೆ ಎಂದೂ, ಎರಡೂ ಮನೆಯವರು ಹಣೆಗೆ ವಿಭೂತಿ ಹಚ್ಚುವವರೇ ಎಂದೂ ತೀರ್ಮಾನವಾಗಿತ್ತು. ತೀರ್ಮಾನವಾಗದೆ ಉಳಿದದ್ದು ಚಾಪೆಯೊಳಗಿನ ಸಾಮಾನು ಮಾತ್ರ. ಅದು ಬೇಟೆಯ ಬಂದೂಕು. ಅಣವೀರಪ್ಪನವರ ಐದನೆಯದು.

ಅವರು ಗೋದಿಯಲ್ಲಿ, ಅಂದರೆ ಬಂದರಿನ ಹಡಗುಕಟ್ಟೆಯಲ್ಲಿ, ಕ್ರೇನ್ ನಡೆಸುತ್ತಿದ್ದರು. ನಾವಿದ್ದ ಚಾಳಿನಲ್ಲಿ ನಮ್ಮ ಮತ್ತು ಅವರ ಖೋಲಿಗಳ ನಡುವೆ ಒಂದೇ ಗೋಡೆ. ಆ ಕಡೆ ಅವರು ಸೀನಿದರೆ ಈ ಕಡೆ ನಾನು 'ಚಿರಂಜೀವಿ' ಎನ್ನುವಷ್ಟು ತೆಳ್ಳಗಿನದು. ನಮ್ಮ ಕಡೆ ಆ ಗೋಡೆಯ ಮೇಲೆ ದಿವಂಗತ ಮಾವನವರು ಚೌಕಟ್ಟಿನೊಳಗೆ ಗಂಭೀರವಾಗಿ ಕೂತಿದ್ದರು. ವರ್ಷಕ್ಕೊಮ್ಮೆ ಯಾಕೋ ಓರೆಯಾಗುತ್ತಿದ್ದರು.

ಅದು ಎಪ್ಪತ್ನಾಲ್ಕನೆಯ ಇಸವಿ. ಸಂಸ್ಥಾನಿಕರ ರಾಜಧನ ನಿಂತಿತ್ತು, ಬೇಟೆಗೆ ಸರ್ಕಾರ ಕಡಿವಾಣ ಹಾಕಿತ್ತು. ಅವರ ಅಜ್ಜಂದಿರು ಅಮೆರಿಕದಿಂದ ತರಿಸಿದ್ದ ಬಂದೂಕುಗಳು ಫೋರ್ಟ್ ಪೇಟೆಯ ಅಂಗಡಿಗಳ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದವು. ಅದರಲ್ಲೂ ಅಣವೀರಪ್ಪನವರು ಹುಡುಕುತ್ತಿದ್ದುದು ಒಂದೇ ಜಾತಿ: ಹಿಡಿಯ ಕೆಳಗೆ ಬಳೆಯಂಥ ಲಿವರ್ ಇರುವುದು. ಬಳೆಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಮುಂದಿನ ಗುಂಡು ತಾನಾಗಿ ಬಂದು ಕೂರುತ್ತದಂತೆ. ಕೂರಲು ಗುಂಡೇ ಇರಲಿಲ್ಲ. ಆ ಅಳತೆಯ ಗುಂಡುಗಳನ್ನು ಮಾಡುವುದು ನಿಂತು ಎಷ್ಟೋ ಕಾಲವಾಗಿತ್ತು. ಬಂದೂಕೂ ಗುಂಡು ಹಾಕುವಂತಿರಲಿಲ್ಲ, ಮಾಲೀಕರೂ ಗುಂಡು ಹಾಕುವವರಲ್ಲ. ಆದರೂ ಪ್ರತಿಯೊಂದಕ್ಕೂ ಲೈಸೆನ್ಸ್ ಮಾಡಿಸಿ, ಭಾನುವಾರ ಅಗಸೆ ಎಣ್ಣೆ ತಿಕ್ಕಿ, ಮಗುವಿನಂತೆ ಬಿಸಿಲಿಗೆ ಮಲಗಿಸುತ್ತಿದ್ದರು.

"ಲಗ್ನ ಆಗಿ ಇಪ್ಪತ್ತೆರಡು ವರ್ಷ ಆತು, ನನ್ನ ತಲಿಗೆ ಒಂದು ಹನಿ ಎಣ್ಣಿ ಇಟ್ಟವ್ರಲ್ಲ," ಎನ್ನುತ್ತಿದ್ದರು ಹೆಂಡತಿ ನೀಲಾಬಾಯಿ.

ಚಾಳಿನಲ್ಲಿ ಇದಕ್ಕೆ ಲಿವರ್ ಕಾಯಿಲೆ ಎಂದು ಹೆಸರಿಟ್ಟವಳು ನಾನೇ. ಹಗಲೆಲ್ಲ ಕ್ರೇನಿನ ಲಿವರ್ ಎಳೆಯುವ ಕೈಗೆ ಮನೆಯಲ್ಲೂ ಒಂದು ಬೇಕಾಗಿರಬೇಕು ಎಂಬುದು ನನ್ನ ಸಿದ್ಧಾಂತ. ಅಣವೀರಪ್ಪನವರು ಹೌದೆನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ.

ಹೆಣ್ಣು ನೋಡಲು ನೀಲಾಬಾಯಿ ಖಂಡೇನವಮಿಯ ದಿನವನ್ನೇ ಆರಿಸಿದರು. ದಿನ ಒಳ್ಳೆಯದು, ಎಲ್ಲರಿಗೂ ರಜೆ. ಅಂದು ಮನೆಯ ಆಯುಧಗಳಿಗೆ ಪೂಜೆ ಎಂಬುದು ಅವರಿಗೆ ನೆನಪಿರಲಿಲ್ಲವೆಂದಲ್ಲ. ಕುಡಗೋಲು, ಕತ್ತರಿ, ಒನಕೆ ಎಲ್ಲ ನೆನಪಿತ್ತು. ಅಣವೀರಪ್ಪನವರು ಬೆಳಿಗ್ಗೆ ಮಿಂದು ಐದೂ ಬಂದೂಕುಗಳನ್ನು ದೇವರ ಜಗುಲಿಯ ಮೇಲಿಟ್ಟು, ಕುಂಕುಮ ಹಚ್ಚಿ, ಚೆಂಡುಹೂವು ಮುಡಿಸಿ ಮುಗಿಸಿದ ಮೇಲೆಯೇ ಬಂದೂಕೂ ಆಯುಧವೆಂದು ನೀಲಾಬಾಯಿಯ ತಲೆಗೆ ಹೊಳೆದದ್ದು. ಪೂಜೆಗೆ ಕೂತ ಆಯುಧವನ್ನು ಮರುದಿನದವರೆಗೆ ಮುಟ್ಟುವಂತಿಲ್ಲ.

ನೀಲಾಬಾಯಿ ನಮ್ಮ ಬಾಗಿಲಿಗೆ ಬಂದು ನಿಂತರು. "ಟೀಚರ್ ಬಾಯಿ, ಏನರೆ ಮಾಡ್ರಿ. ಅವ್ರು ಭಾಳ ಕಟ್ಟಾ ಮಂದಿ. ಬ್ಯಾಟಿ ಬಂದೂಕ ಕಂಡ್ರ ಶಿರಾ ಮುಟ್ಟೂದಿಲ್ಲ, ಹಂಗs ಎದ್ದು ಹೋಗ್ತಾರ."

ಹೆಣ್ಣಿನ ಮನೆಯವರು ಮುಂದಿಟ್ಟ ಶಿರಾ, ಅಂದರೆ ರವೆಯ ಸಿಹಿ, ಮುಟ್ಟಿದರೆ ಒಪ್ಪಿಗೆ, ಮುಟ್ಟದಿದ್ದರೆ ಇಲ್ಲ. ಅದು ಅವರ ಪದ್ಧತಿ. ವಿನೋದಿನಿಯಂತೂ ಹುಡುಗನನ್ನು ದಾದರಿನ ಮಾರ್ಕೆಟ್ಟಿನಲ್ಲಿ ದೂರದಿಂದ ನೋಡಿ ಆಗಲೇ ಒಪ್ಪಿ, ಬೆಳಗಿನಿಂದ ಬಾಗಿಲಿನ ಹಿಂದೆ ಉಗುರು ಕಚ್ಚುತ್ತಿದ್ದಳು. ಸುಳ್ಳು ಹೇಳಬಾರದು ಎಂದು ಕಾನ್ವೆಂಟಿನಲ್ಲಿ ನನಗೆ ಕಲಿಸಿದ್ದರು. ನಿಜದ ಮೇಲೆ ಸೀರೆ ಹೊದಿಸಬಾರದು ಎಂದು ಯಾವ ಸಿಸ್ಟರೂ ಹೇಳಿರಲಿಲ್ಲ. ನೀಲಾಬಾಯಿಯ ಇಳಕಲ್ ಸೀರೆಯನ್ನು ಐದರ ಮೇಲೂ ಹರಡಿ, ಮುಂದೆ ತೆಂಗಿನಕಾಯಿ ಇಟ್ಟೆ. ನೋಡಿದರೆ ದೇವಿ ಮಲಗಿದಂತಿತ್ತು.

ಬಸವಂತರಾಯರು ಹೆಂಡತಿ, ಮಗನೊಂದಿಗೆ ಬಂದರು. ಹುಡುಗಿಯನ್ನು ನೋಡಿದರು. ತಟ್ಟೆ ಮುಂದೆ ಬಂತು. ಚಮಚ ಹಿಡಿಯುವ ಮೊದಲು ದೇವರಿಗೆ ಕೈಮುಗಿಯಲು ಎದ್ದರು. ಬಗ್ಗಿದವರು ಬಗ್ಗಿದಂತೆಯೇ ನಿಂತರು. ಸೀರೆಯ ಅಂಚಿನಿಂದ ಒಂದು ಕಬ್ಬಿಣದ ಬಳೆ ಹೊರಬಂದಿತ್ತು.

"ಈ ಬಳೀನೇ ನನ್ನ ಡಬ್ಬಿ ಹೊತ್ಕೊಂಡು ಹೋಗಿತ್ತಲ್ರೀ?"

ಅಣವೀರಪ್ಪನವರಿಗೆ ಸುಳ್ಳು ಬರುತ್ತಿರಲಿಲ್ಲ. ಸೀರೆ ತೆಗೆದರು. ನೀಲಾಬಾಯಿ ಗೋಡೆ ಹಿಡಿದು ಕೂತರು. ಬಸವಂತರಾಯರು ವಾಪಸು ಬಂದು ತಟ್ಟೆಯನ್ನು ಒಂದು ಗೇಣು ದೂರ ಸರಿಸಿದರು.

"ಬ್ಯಾಟಿ ಆಡ್ತೀರಿ?"

"ಇಲ್ರಿ. ನಮ್ಮನ್ಯಾಗ ತಗಣಿ ಹೊಡಿಯೂದೂ ಆಕಿ ಕೆಲಸ."

"ಎಲ್ಲಾರೂ ಹಂಗೇ ಅಂತಾರ. ನಮ್ಮ ಊರಾಗ ಶಿಕಾರಿ ಮಂದೀನ ಕಣ್ಣಾರೆ ನೋಡೀನಿ. ಬ್ಯಾರೆ ಬಂದೂಕ ಒಂದು ಜಿಂಕಿ ಕೆಡವೂದ್ರಾಗ ಇದು ನಾಕು ಕೆಡವ್ತದ. ಐದಕ್ಕ ಐದೂ ಇಂಥಾವೇ ಯಾಕ ಹುಡುಕಿ ತಂದೀರಿ? ಖರೆ ಹೇಳ್ರಿ. ಶಿರಾದ ಮಾತು ಆಮ್ಯಾಲೆ."

ನಾನು ಬಸವಂತರಾಯರ ಬೆನ್ನ ಹಿಂದೆ ನಿಂತು, ಕ್ರೇನ್, ಕ್ರೇನ್ ಎಂದು ಗಾಳಿಯಲ್ಲಿ ಲಿವರ್ ಎಳೆದು ತೋರಿಸಿದೆ. ಅಣವೀರಪ್ಪನವರು ಅದನ್ನು ನೋಡಿದರು, ಅರ್ಥವಾಗದೆ ಬಿಟ್ಟರು. ಆಮೇಲೆ ನಮ್ಮ ಎರಡೂ ಖೋಲಿಗಳ ನಡುವಿನ ಆ ಗೋಡೆಯತ್ತ ಕೈತೋರಿದರು. ಅಲ್ಲಿ ಸಾಲಾಗಿ ಐದು ಮೊಳೆಗಳು ಖಾಲಿ ನಿಂತಿದ್ದವು.

"ಹಳೇ ಕಟ್ಟಿಗಿ, ಹಳೇ ಕಬ್ಬಿಣ ಅಂದ್ರ ನನಗ ಜೀವ ರೀ. ಬ್ಯಾರೆ ನಮೂನೀವೂ ಚೆಂದ ಇರ್ತಾವು. ಖರೆ, ಅವನ್ನ ಗ್ವಾಡಿಗೆ ಅಡ್ಡ ಮಲಗಸಾಕ ಎರಡು ಮೊಳಿ ಬೇಕ್ರಿ. ಇದಕ್ಕ ಬಳೀ ಐತಿ. ಒಂದs ಮೊಳಿಗೆ ತೂಗಹಾಕಬಹುದು."

ಬಸವಂತರಾಯರು ಮೊಳೆಗಳನ್ನು ನೋಡಿದರು, ಬಂದೂಕುಗಳ ಮೇಲಿನ ಚೆಂಡುಹೂವನ್ನು ನೋಡಿದರು, ತಮ್ಮ ಹೆಂಡತಿಯನ್ನು ನೋಡಿದರು. ಆಕೆ ಸೆರಗಿನೊಳಗೆ ನಗುತ್ತಿದ್ದರು. ತಟ್ಟೆ ಒಂದು ಗೇಣು ಹತ್ತಿರ ಬಂತು. ಚಮಚ ಶಿರಾದೊಳಗೆ ಇಳಿಯಿತು. ಬಾಗಿಲ ಹಿಂದೆ ಬಳೆಗಳು ಸದ್ದು ಮಾಡಿದವು, ಇವು ಗಾಜಿನವು.

"ಅಲ್ರೀ," ಎಂದು ಬಾಯಿ ತುಂಬ ಶಿರಾ ಇಟ್ಟುಕೊಂಡೇ ಬಸವಂತರಾಯರು ಕೇಳಿದರು, "ಗ್ವಾಡಿ ನಿಮ್ದು, ಮೊಳಿ ನಿಮ್ದು. ಎರಡು ಹೊಡದ್ರ ಏನಾಗ್ತದ?"

"ಆ ಕಡಿ ಟೀಚರ್ ಬಾಯಾರ ಮಾವನವರು ಬೀಳ್ತಾರ್ರಿ."