ಮಜ್ಜಿಗೆಗೂ ಒಂದು ಗೀಟು

ಈ ಊರಿಗೆ ಬಂದ ಮೂರನೇ ದಿನವೇ ಗಂಡ ಕುಡಿದ ನೀರು, ಹೊಯ್ದ ಮೂತ್ರ ಎರಡನ್ನೂ ಅಳೆದು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಪಾವಗಡದ ಕಡೆ ಅಷ್ಟು ವರ್ಷ ಬಾಳಿದೆ, ಇಂಥದ್ದನ್ನು ಯಾರೂ ಕೇಳಿರಲಿಲ್ಲ.

ಯಜಮಾನರ ಕಿಡ್ನಿ ಸೋತಿದೆ. ಅದಕ್ಕೇ ಗಾರ್ಮೆಂಟ್ಸಿನಲ್ಲಿ ಹೊಲಿಯುವ ಮಗಳು ನಮ್ಮನ್ನು ಬೆಂಗಳೂರಿನ ಬೊಮ್ಮನಹಳ್ಳಿಗೆ ಕರೆತಂದಳು. ಒಂದೇ ಕೋಣೆ, ಮೇಲೆ ಶೀಟು. ಊರಲ್ಲಿ ಬಾಯಾರಿದರೆ ಮಡಕೆಗೆ ಚೊಂಬು ಅದ್ದುತ್ತಿದ್ದೆವು. ಇಲ್ಲಿ ಕುಡಿಯುವ ನೀರು ಕ್ಯಾನಿನಲ್ಲಿ ಬರುತ್ತದೆ, ಅಂದರೆ ದೊಡ್ಡ ಪ್ಲಾಸ್ಟಿಕ್ ಬುರುಡೆ. ಎತ್ತಿ ಬಗ್ಗಿಸಲು ನನ್ನ ಸೊಂಟ ಒಪ್ಪುವುದಿಲ್ಲ. ಒಂದು ಪಕ್ಕದವರು ತಮಿಳಿನವರು, ಇನ್ನೊಂದು ಪಕ್ಕದವರು ಒಡಿಶಾದವರು. ಜಗಳವಾಡಲೂ ಕೈಸನ್ನೆಯೇ ಗತಿ.

ದಿನಕ್ಕೆ ಒಂದು ಲೀಟರ್ ನೀರು ಮಾತ್ರ ಎಂದು ಆಸ್ಪತ್ರೆಯ ಸಿಸ್ಟರ್ ನೀರಿಗೊಂದು, ಮೂತ್ರಕ್ಕೊಂದು ಗೆರೆಯಿದ್ದ ಡಬ್ಬಿ ಕೊಟ್ಟಿದ್ದಳು. ನನಗೆ ಓದುಬರಹ ಅಷ್ಟಕ್ಕಷ್ಟೇ; ಪುಸ್ತಕದಲ್ಲಿ ಲೋಟಕ್ಕೊಂದು ಗೀಟು ಹಾಕಿದೆ. ಒಂದು ತೊಟ್ಟು ಹೆಚ್ಚು ಕೊಡಲಿಲ್ಲ. ಅವರು ಬೈದರು, ನಾನೂ ಬೈದೆ. ಆದರೂ ಹದಿನೈದು ದಿನಕ್ಕೆ ಕಾಲು ಊದಿಕೊಂಡಿತು, ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು. ಕೂತಲ್ಲೇ ಓಡಿಬಂದವರ ಹಾಗೆ ಉಸಿರು. ಮನುಷ್ಯ ಕೈಬಿಟ್ಟು ಹೋಗುತ್ತಾನೆ ಅಂದುಕೊಂಡೆ.

ಮತ್ತೆ ಆಸ್ಪತ್ರೆ. ಸಿಸ್ಟರ್ ತೂಗಿ ನೋಡಿದರೆ ನಾಲ್ಕು ಕಿಲೋ ಏರಿದ್ದರು. ನನ್ನ ಗೀಟುಗಳನ್ನು ನೋಡಿದಳು.

“ಅಜ್ಜಿ, ಮಜ್ಜಿಗೆ ಎಷ್ಟು ಕೊಡ್ತೀರಾ?”

“ಎರಡು ಚೊಂಬು. ಮುದ್ದೆ ಇಳಿಯಾಕೆ ಸಾರು ಬ್ಯಾರೆ.”

“ಅದನ್ನ ಬರ್ದೇ ಇಲ್ವಲ್ಲ.”

“ಅದು ಊಟ ಕಣವ್ವ. ನೀರಿನ ಲೆಕ್ಕಕ್ಕೆ ಯಾಕ್ ಬರೀಲಿ?”

ಅವಳು ನಗಲಿಲ್ಲ. ತೆಳ್ಳಗೆ ಹೊಟ್ಟೆಗೆ ಹೋದದ್ದೆಲ್ಲ ನೀರೇ ಎಂದಳು. ಹೊರಗೆ ಹೋಗದ್ದು ಕಾಲಲ್ಲೂ ಎದೆಯಲ್ಲೂ ನಿಲ್ಲುತ್ತದೆ, ಉಪ್ಪು ಅದನ್ನು ಹಿಡಿದು ಕೂರಿಸುತ್ತದೆ. ಕಿಡ್ನಿ ಹೊರಹಾಕದ ಆಸಿಡ್‌ನಂಥ ಹುಳಿ ರಕ್ತದಲ್ಲಿ ಸೇರಿದೆ, ಅದನ್ನು ಕಳೆಯಲೆಂದೂ ಮೈ ಹಾಗೆ ಉಸಿರು ಬಿಡುತ್ತಿದೆ. ಎಳನೀರೂ ಕೂಡದು, ಅದರಲ್ಲಿರುವ ಪೊಟ್ಯಾಸಿಯಂ ಮೈಯಲ್ಲಿ ಏರಿದರೆ ಹೃದಯವೇ ನಿಲ್ಲಬಹುದು. ಇಷ್ಟನ್ನೂ ಮೊದಲೇ ಹೇಳಬಾರದಿತ್ತೇ ಎಂದು ಅವಳ ಮೇಲೆ ರೇಗಿದೆ. ಎರಡು ಚೊಂಬು ಬಗ್ಗಿಸಿದ ಕೈ ನನ್ನದೇ ಎಂಬ ಸಿಟ್ಟು ಅದಕ್ಕಿಂತ ಹೆಚ್ಚಿತ್ತು.

ನಾಲ್ಕು ದಿನ ಇಟ್ಟುಕೊಂಡು ನೀರಿಳಿಸಿ ಕಳಿಸಿದರು.

ಕಳೆದ ವಾರ ನಾದಿನಿ ಊರಿಂದ ಬಂದಳು, ಮಜ್ಜಿಗೆ ಹೊತ್ತುಕೊಂಡು. ಅಣ್ಣನ ಕೈಗೆ ಚೊಂಬು ತುಂಬಿ ಕೊಟ್ಟಳು. ನಾನು ಕಿತ್ತುಕೊಂಡು, ನೀರಿನ ಡಬ್ಬಿಯ ಮೊದಲ ಗೆರೆಯಷ್ಟು ಅಳೆದು ಲೋಟಕ್ಕೆ ಸುರಿದುಕೊಟ್ಟೆ.

“ನಮ್ಮಣ್ಣಂಗೆ ಮಜ್ಜಿಗೆ ಅಳೀತೀಯಾ? ಬೆಂಗ್ಳೂರೋಳಾಗ್ಬಿಟ್ಟೆ ಕಣತ್ತಿಗೆ” ಅಂದಳು.

ಈ ವಠಾರದವರಿಗೆ ನಾನಿನ್ನೂ ಹಳ್ಳಿ ಅಜ್ಜಿ. ಯಜಮಾನರು ಒಂದೇ ಗುಟುಕಿಗೆ ಕುಡಿದು ಖಾಲಿ ಲೋಟ ನೋಡುತ್ತಾ ಕೂತರು. ಚೊಂಬಿನಲ್ಲಿ ಉಳಿದದ್ದನ್ನು ನಾನೇ ಕುಡಿದೆ. ನಮ್ಮೂರಿನದೇ ಹುಳಿ. ಬಾಯಿ ಒರೆಸಿಕೊಳ್ಳುವ ಮೊದಲೇ ಕೈ ಅದಕ್ಕೂ ಗೀಟು ಹಾಕಲು ಪುಸ್ತಕ ಹುಡುಕುತ್ತಿತ್ತು.